ಐದು ಮೈಲಿ ಸ್ಪೀಡಲ್ಲಿ ಅಣ್ಣನ ಮನೆಗೆ

ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮ ಮತ್ತೆ ಒಂದಾಗೋ ಸಿನಿಮಾ ಅಂದ ತಕ್ಷಣ ನಮ್ಮ ತಲೇಲಿ ಒಂದು ಚಿತ್ರ ಬಂದ್ಬಿಡತ್ತೆ. ಫ್ಲ್ಯಾಶ್‌ಬ್ಯಾಕಲ್ಲಿ ಜಗಳ, ಮಧ್ಯೆ ಯಾರೋ ಚಾಡಿ ಹೇಳಿದ್ದು, ಆಸ್ತಿ ವಿಷ್ಯ, ಕೊನೇಲಿ ಆಸ್ಪತ್ರೆ ಬೆಡ್ಡು, ತಪ್ಪಾಯ್ತು ಅಂತ ಒಬ್ಬ ಅಳೋದು, ಇನ್ನೊಬ್ಬ ತಬ್ಕೊಳ್ಳೋದು. ಅಂಥ ಸಿನಿಮಾಗಳಿಗೆ ನಾನೂ ಅತ್ತಿದೀನಿ, ಅವೂ ಬೇಕು. ಆದ್ರೆ 1999ರಲ್ಲಿ ಬಂದ 'ದಿ ಸ್ಟ್ರೈಟ್ ಸ್ಟೋರಿ' ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. ಜಗಳ ತೋರ್ಸಲ್ಲ, ಯಾಕಾಯ್ತು ಅಂತ ಬಿಡಿಸಿ ಹೇಳಲ್ಲ, ಯಾರೂ ಯಾರ ಹತ್ರಾನೂ ಕ್ಷಮೆ ಕೇಳಲ್ಲ. ಇಡೀ ಸಿನಿಮಾದಲ್ಲಿ ಅಣ್ಣ ತಮ್ಮ ಒಟ್ಟಿಗೆ ಕಾಣ್ಸೋದೇ ಕಡೇ ಕೆಲವು ನಿಮಿಷ, ಅದ್ರಲ್ಲೂ ಅವರು ಆಡೋ ಮಾತನ್ನ ಬೆರಳಲ್ಲಿ ಎಣಿಸಬಹುದು. ಆದ್ರೂ ಮನೆಯೋರ ಮಧ್ಯೆ ಬರೋ ಮುನಿಸಿನ ಬಗ್ಗೆ, ಅದು ಹೇಗೆ ಮುಗಿಯತ್ತೆ ಅನ್ನೋದ್ರ ಬಗ್ಗೆ, ನಾನು ನೋಡಿರೋದ್ರಲ್ಲಿ ಇಷ್ಟು ನಿಜ ಅನ್ಸಿದ ಸಿನಿಮಾ ಇನ್ನೊಂದಿಲ್ಲ. ಯಾಕೆ ಅಂತ ಬಹಳ ದಿನದಿಂದ ಬರೀಬೇಕು ಅನ್ಕೊಂಡಿದ್ದೆ.

ಕಥೆ ಬಹಳ ಸಣ್ಣದು. ಅಮೆರಿಕದ ಐಯೋವಾ ರಾಜ್ಯದಲ್ಲಿ ಲಾರೆನ್ಸ್ ಅಂತ ಒಂದು ಪುಟ್ಟ ಊರು, ಅಲ್ಲಿ 73 ವರ್ಷದ ಆಲ್ವಿನ್ ಸ್ಟ್ರೈಟ್ ತನ್ನ ಮಗಳು ರೋಸ್ ಜೊತೆ ಇದಾನೆ. ಸೊಂಟ ಹೋಗಿದೆ, ಕೋಲಿಲ್ದೆ ನಡೆಯೋಕಾಗಲ್ಲ, ಕಣ್ಣು ಮಂಜು, ಹಾಗಾಗಿ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಒಂದು ರಾತ್ರಿ ಗುಡುಗು ಮಿಂಚು ಮಳೆ, ಅಪ್ಪ ಮಗಳು ಕೂತು ಮಿಂಚು ನೋಡ್ತಿರೋವಾಗ ಫೋನ್ ಬರತ್ತೆ, ಅಣ್ಣ ಲೈಲ್‌ಗೆ ಸ್ಟ್ರೋಕ್ ಆಗಿದೆ ಅಂತ. ಲೈಲ್ ಇರೋದು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಝಯಾನ್‌ನಲ್ಲಿ. ಇಬ್ರೂ ಮಾತಾಡಿ ಹತ್ತು ವರ್ಷ ಆಗಿದೆ. ಈ ಅಜ್ಜ ಒಂದು ನಿರ್ಧಾರ ಮಾಡ್ತಾನೆ, ಹುಲ್ಲು ಕತ್ತರಿಸೋಕೆ ಇಟ್ಕೊಂಡಿರೋ, ಮೇಲೆ ಕೂತು ಓಡಿಸೋ ಲಾನ್ ಮೋವರ್‌ಗೆ ಹಿಂದೆ ಒಂದು ಟ್ರೇಲರ್ ಕಟ್ಕೊಂಡು ಅದರಲ್ಲೇ ಅಣ್ಣನ ಮನೆಗೆ ಹೋಗ್ತೀನಿ ಅಂತ. ಅದರ ಸ್ಪೀಡು ಗಂಟೆಗೆ ಐದು ಮೈಲಿ, ಅಂದ್ರೆ ಹೆಚ್ಚುಕಮ್ಮಿ ಎಂಟು ಕಿಲೋಮೀಟರ್. ದೂರ ಸುಮಾರು 240 ಮೈಲಿ.

ಇದು ಕಟ್ಟುಕಥೆ ಅಲ್ಲ. ಆಲ್ವಿನ್ ಸ್ಟ್ರೈಟ್ ಅನ್ನೋ ಮನುಷ್ಯ ನಿಜವಾಗ್ಲೂ 1994ರ ಬೇಸಿಗೇಲಿ 1966ನೇ ಇಸವಿಯ ಜಾನ್ ಡಿಯರ್ ಕಂಪನಿಯ ಮೋವರ್ ಮೇಲೆ ಕೂತು ಹೀಗೇ ಹೊರಟಿದ್ರು, ಆರು ವಾರ ಹತ್ರ ಹಿಡೀತು. 1996ರಲ್ಲಿ ಅವರು ತೀರ್ಕೊಂಡ್ರು. ಆ ಸುದ್ದಿ ಹಿಡ್ಕೊಂಡು ಮೇರಿ ಸ್ವೀನಿ ಮತ್ತು ಜಾನ್ ರೋಚ್ ಸ್ಕ್ರಿಪ್ಟ್ ಬರೆದ್ರು, ಡೈರೆಕ್ಟ್ ಮಾಡಿದ್ದು ಡೇವಿಡ್ ಲಿಂಚ್. ಲಿಂಚ್ ಸಿನಿಮಾ ನೋಡಿರೋರಿಗೆ ಗೊತ್ತು, ದುಃಸ್ವಪ್ನದ ಥರ ಇರೋ ಸಿನಿಮಾಗಳಿಗೆ ಹೆಸರಾದೋರು ಅವರು, ಅಂಥೋರು ಮಾಡಿದ ಈ ಸಿನಿಮಾನ ಹಂಚಿದ್ದು ಡಿಸ್ನಿ ಕಂಪನಿ, ಮಕ್ಕಳೂ ಕೂತು ನೋಡ್ಬಹುದು ಅನ್ನೋ 'ಜಿ' ಸರ್ಟಿಫಿಕೇಟ್ ಸಿಕ್ತು ಅಂದ್ರೆ ಮೊದಲು ಕೇಳ್ದಾಗ ನನಗೆ ನಂಬೋಕಾಗ್ಲಿಲ್ಲ. ಆಲ್ವಿನ್ ಹೋಗಿದ್ದ ದಾರೀಲೇ, ಪಯಣದ ಕ್ರಮದಲ್ಲೇ ಶೂಟಿಂಗ್ ಮಾಡ್ಕೊಂಡು ಹೋಗಿದಾರೆ. ಹೊಲಗಳು, ಧಾನ್ಯ ತುಂಬೋ ಎತ್ತರದ ಗೋಪುರಗಳು, ಉದ್ದಕ್ಕೆ ಮಲಗಿರೋ ರಸ್ತೆ, ಪಕ್ಕದಲ್ಲೇ ಗಾಳಿ ಬೀಸ್ಕೊಂಡು ಹೋಗೋ ದೊಡ್ಡ ಲಾರಿಗಳು. ಒಂದು ಶಾಟ್ ಇದೆ, ಕ್ಯಾಮೆರಾ ಮೋವರ್ ಹಿಂದೆ ನಿಂತಿರತ್ತೆ, ನಿಧಾನಕ್ಕೆ ಆಕಾಶಕ್ಕೆ ಏರತ್ತೆ, ಅಲ್ಲೇ ಒಂದಷ್ಟು ಹೊತ್ತು ಇರತ್ತೆ, ಮತ್ತೆ ಕೆಳಗೆ ಇಳಿಯತ್ತೆ, ನೋಡಿದ್ರೆ ಮೋವರ್ ಇನ್ನೂ ಅಲ್ಲೇ ಸ್ವಲ್ಪ ಮುಂದೆ ಹೋಗಿದೆ ಅಷ್ಟೇ. ನಗು ಬರತ್ತೆ, ಆಮೇಲೆ ಆ ವೇಗಕ್ಕೆ ನಮ್ಮ ಉಸಿರೂ ಹೊಂದ್ಕೊಳತ್ತೆ.

ಈಗ ನಾನು ಹೇಳ್ಬೇಕು ಅನ್ಕೊಂಡಿರೋದಕ್ಕೆ ಬರ್ತೀನಿ.

ಮನೆಯೋರ ಜೊತೆ ಮಾತು ಬಿಟ್ಟಿರೋರಿಗೆ ಎಲ್ರೂ ಹೇಳೋದು ಒಂದೇ, ಹಠ ಬಿಡು. ದೊಡ್ಡೋರಾದ್ರೆ ನೀವೇ ದೊಡ್ಡೋರು ಹಠ ಬಿಡಿ ಅಂತಾರೆ, ಚಿಕ್ಕೋರಾದ್ರೆ ಅವ್ರು ದೊಡ್ಡೋರಲ್ವಾ ನೀನೇ ಹಠ ಬಿಡು ಅಂತಾರೆ. ಹಠ ಅನ್ನೋದು ಕಲ್ಲು, ಅದನ್ನ ಎತ್ತಿ ಪಕ್ಕಕ್ಕಿಟ್ರೆ ದಾರಿ ತಾನಾಗೇ ತೆರ್ಕೊಳತ್ತೆ ಅನ್ನೋ ನಂಬಿಕೆ ಅದರ ಹಿಂದೆ ಇದೆ. ಈ ಸಿನಿಮಾ ನೋಡಿದ್ಮೇಲೆ ನನಗೆ ಆ ನಂಬಿಕೆ ಹೋಯ್ತು. ಯಾಕಂದ್ರೆ ಆಲ್ವಿನ್ ಅಜ್ಜ ಹಠ ಬಿಡೋದೇ ಇಲ್ಲ. ಮೊದಲನೇ ಸೀನಿಂದ ಕೊನೇ ಸೀನ್‌ವರೆಗೂ ಅವನಷ್ಟು ಹಠಮಾರಿ ಇನ್ನೊಬ್ಬ ಇಲ್ಲ. ಅಡುಗೆ ಮನೇಲಿ ಬಿದ್ದು ಏಳೋಕಾಗ್ದೆ ಇದ್ರೂ ಡಾಕ್ಟ್ರ ಹತ್ರ ಬೇಡ ಅಂತಾನೆ. ಮಗಳು ಬಲವಂತ ಮಾಡಿ ಕರ್ಕೊಂಡು ಹೋದ್ರೆ, ಡಾಕ್ಟರು ನಾಲ್ಕು ಕಾಲಿನ ವಾಕರ್ ಹಿಡ್ಕೊಂಡು ಓಡಾಡಿ ಅಂದಾಗ ಖಡಾಖಂಡಿತ ಬೇಡ ಅಂತಾನೆ, ಬೇಕಾದ್ರೆ ಇನ್ನೊಂದು ಕೋಲು ಹಿಡೀತೀನಿ, ವಾಕರ್ ಮಾತ್ರ ಆಗಲ್ಲ. ಬೇರೆಯೋರು ಕಾರ್ ಓಡಿಸಿದ್ರೆ ಕೂತ್ಕೊಳ್ಳೋದಿಲ್ಲ. ಮೊದಲನೇ ಮೋವರ್ ದಾರೀಲಿ ಕೆಟ್ಟು ನಿಂತು, ಅದರ ಜೊತೆ ಟ್ರಕ್ಕಲ್ಲಿ ಊರಿಗೆ ವಾಪಸ್ ಬಂದಾಗ, ಊರಿನೋರೆಲ್ಲ ನೋಡ್ತಿರೋವಾಗ, ಯಾರಾದ್ರೂ ಅಲ್ಲಿಗೆ ಕೈಬಿಡ್ತಾರೆ. ಈ ಅಜ್ಜ ಬಂದೂಕು ತಗೊಂಡು ಬಂದು ಆ ಮೋವರ್‌ಗೆ ಗುಂಡು ಹೊಡೆದು ಸುಟ್ಟು, ಹೋಗಿ ಇನ್ನೊಂದು ಹಳೇ ಮೋವರ್ ತಗೊಂಡು ಮತ್ತೆ ಹೊರಡ್ತಾನೆ.

ಇದೇ ಹಠ ಅಲ್ವಾ ಹತ್ತು ವರ್ಷ ಅಣ್ಣನ ಮುಖ ನೋಡದಂಗೆ ಮಾಡಿದ್ದು? ಅದೇ. ಅದು ಎಲ್ಲೂ ಹೋಗಿಲ್ಲ, ಅದರ ಮುಖ ಬೇರೆ ಕಡೆಗೆ ತಿರುಗಿದೆ, ಅಷ್ಟೇ. ಲಿಂಚ್ ಈ ಅಜ್ಜನ್ನ ಮೆತ್ತಗೆ ಮಾಡಿ, ಪಶ್ಚಾತ್ತಾಪದ ಭಾಷಣ ಹೇಳಿಸಿ, ಬೇರೆ ಮನುಷ್ಯನ್ನಾಗಿ ಬದಲಾಯಿಸಿ ಅಣ್ಣನ ಮನೆಗೆ ಕಳಿಸಲ್ಲ. ಮುನಿಸ್ಕೊಂಡ ಮನುಷ್ಯನೇ ಹೋಗ್ತಾನೆ, ಅದೇ ಬಿಗುಮಾನದಲ್ಲಿ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣೋದು ದಾರಿ ಮಧ್ಯೆ ಬರೋ ಒಂದು ಭಾಗದಲ್ಲಿ. ಇಳಿಜಾರಲ್ಲಿ ಬೆಲ್ಟ್ ಕಿತ್ಕೊಂಡು ಹೋಗಿ, ಮೋವರ್ ಹಿಡಿತ ತಪ್ಪಿ ಕೆಳಗೆ ನುಗ್ಗಿ, ಅಜ್ಜ ಹೇಗೋ ಬದುಕಿ ಒಂದು ಊರಲ್ಲಿ ನಿಲ್ತಾನೆ. ಡ್ಯಾನಿ ಅನ್ನೋ ಒಬ್ಬ ಸಜ್ಜನ ತನ್ನ ಮನೆ ಹಿಂದೆ ಟ್ರೇಲರ್ ನಿಲ್ಲಿಸ್ಕೊಳ್ಳೋಕೆ ಜಾಗ ಕೊಡ್ತಾನೆ. ಅಜ್ಜ ಮಗಳಿಗೆ ಫೋನ್ ಮಾಡ್ಬೇಕು, ಒಳಗೆ ಬನ್ನಿ ಅಂದ್ರೆ ಹೋಗಲ್ಲ, ಹೊರಗೇ ಕೂತು ಕಾರ್ಡ್‌ಲೆಸ್ ಫೋನಲ್ಲಿ ಮಾತಾಡಿ, ಕಾಲ್ ಚಾರ್ಜಿಗೆ ಅಂತ ದುಡ್ಡು ಇಟ್ಟು ಬರ್ತಾನೆ. ಮೋವರ್ ರಿಪೇರಿ ಮಾಡೋ ಅವಳಿ ಜವಳಿ ಅಣ್ಣ ತಮ್ಮಂದಿರ ಜೊತೆ ಬಿಲ್ಲಿನ ಒಂದೊಂದು ಐಟಂಗೂ ಚೌಕಾಸಿ ಮಾಡ್ತಾನೆ. ಉಳಿದಿರೋ ದೂರ ಇನ್ನು ಸ್ವಲ್ಪಾನೇ, ನಾನೇ ಕಾರಲ್ಲಿ ಬಿಟ್ಟು ಬರ್ತೀನಿ ಅಂತ ಡ್ಯಾನಿ ಬಹಳ ಪ್ರೀತಿಯಿಂದ ಕೇಳ್ತಾನೆ. ಅಜ್ಜ ಅಷ್ಟೇ ಮರ್ಯಾದೆಯಿಂದ ಬೇಡ ಅಂತಾನೆ, ಇದನ್ನ ನನ್ನ ರೀತೀಲೇ ಮುಗಿಸ್ಬೇಕು ಅನ್ನೋ ಅರ್ಥದಲ್ಲಿ.

ಮೊದಲ ಸಲ ನೋಡಿದಾಗ ಈ ಜಾಗದಲ್ಲಿ ನನಗೆ ಸಿಟ್ಟು ಬಂದಿತ್ತು. ಅಲ್ಲಿ ಅಣ್ಣನಿಗೆ ಸ್ಟ್ರೋಕ್ ಆಗಿದೆ, ಯಾವಾಗ ಏನಾಗತ್ತೋ ಗೊತ್ತಿಲ್ಲ, ಕಾರಲ್ಲಿ ಹೋದ್ರೆ ಕೆಲವೇ ಗಂಟೆ, ಇವನು ಇನ್ನೂ ದಿನಗಟ್ಟಲೆ ದಾರೀಲೇ ಇರ್ತಾನಲ್ಲ ಅಂತ. ಈಗ ಹಾಗನ್ಸಲ್ಲ. ಕಾರಲ್ಲಿ ಹೋಗಿ ಇಳಿದಿದ್ರೆ ಬಾಗಿಲು ತೆಗೆದ ಅಣ್ಣನಿಗೆ ಕಾಣೋದು ಯಾರು? ಹತ್ತು ವರ್ಷದ ಹಿಂದೆ ಜಗಳ ಆಡಿ ಹೋದ ತಮ್ಮ, ಸ್ವಲ್ಪ ಮುದುಕನಾಗಿ ನಿಂತಿದಾನೆ, ಅಷ್ಟೇ. ಅವನಿಗೆ ಬಾಯಿ ಬಿಟ್ಟು ಏನಾದ್ರೂ ಹೇಳ್ಲೇಬೇಕಾಗತ್ತೆ. ಏನು ಹೇಳಿದ್ರೂ ಹಳೇ ಜಗಳದ ಬಾಲ ಅದಕ್ಕೆ ಅಂಟ್ಕೊಂಡೇ ಬರತ್ತೆ, ನೀನು ಹೀಗಂದೆ, ನಾನು ಹಾಗನ್ಲಿಲ್ಲ, ಇಲ್ಲ ಅಂದಿದ್ದೆ. ಮೋವರಲ್ಲಿ ಬಂದೋನು ಏನೂ ಹೇಳ್ಬೇಕಾಗಿಲ್ಲ. ಅಂಗಳದಲ್ಲಿ ನಿಂತಿರೋ ಆ ಗಾಡೀನೇ ಎಲ್ಲ ಹೇಳತ್ತೆ, ಅದಕ್ಕೆ ಎದುರು ವಾದ ಇಲ್ಲ.

ಮತ್ತೆ ಆ ನಿಧಾನ ಇನ್ನೊಂದು ಕೆಲಸಾನೂ ಮಾಡತ್ತೆ. ಅಣ್ಣನ ಹತ್ರ ಹೇಳ್ಬೇಕಾಗಿದ್ದೆಲ್ಲಾನೂ ಅಜ್ಜ ದಾರೀಲಿ ಸಿಕ್ಕೋರ ಹತ್ರ ಹೇಳ್ಕೊಂಡು ಖಾಲಿ ಆಗ್ತಾ ಹೋಗ್ತಾನೆ. ಮನೆ ಬಿಟ್ಟು ಬಂದ ಬಸುರಿ ಹುಡುಗಿಗೆ ರಾತ್ರಿ ಬೆಂಕಿ ಹತ್ರ ಕೂತು, ಒಂದು ಕಡ್ಡಿ ಸುಲಭವಾಗಿ ಮುರಿಯತ್ತೆ, ಕಂತೆ ಕಟ್ಟಿದ್ರೆ ಮುರಿಯಲ್ಲ, ಅದೇ ಕುಟುಂಬ ಅಂತ ಹೇಳ್ತಾನೆ, ಬೆಳಗ್ಗೆ ಎದ್ದು ನೋಡಿದ್ರೆ ಹುಡುಗಿ ಹೋಗಿದಾಳೆ, ಕಡ್ಡಿಗಳನ್ನ ಕಂತೆ ಕಟ್ಟಿಟ್ಟು ಹೋಗಿದಾಳೆ. ಈ ಸೀನ್ ಬಹಳ ಜನಕ್ಕೆ ಇಷ್ಟ. ನನಗೆ ಇಡೀ ಸಿನಿಮಾದಲ್ಲಿ ಸ್ವಲ್ಪ ಸಲೀಸಾಯ್ತು ಅನ್ಸೋದು ಇದೊಂದೇ. ಕಡ್ಡಿ ಕಂತೆ ಕಥೆ ಎಲ್ರಿಗೂ ಗೊತ್ತಿರೋದು, ಕುಟುಂಬ ಅಂದ್ರೆ ಒಗ್ಗಟ್ಟು ಅನ್ನೋದೂ ಗೊತ್ತಿರೋದು, ಆ ಹುಡುಗಿ ಮನೇಲಿ ಏನು ನಡೆದಿತ್ತೋ ಯಾರಿಗ್ಗೊತ್ತು. ಆದ್ರೆ ಇದನ್ನ ಹೇಳ್ತಿರೋನು ಅಣ್ಣನ ಜೊತೆ ಹತ್ತು ವರ್ಷ ಮಾತು ಬಿಟ್ಟೋನು ಅನ್ನೋದು ನೆನಪಾದ್ರೆ ಆ ಮಾತು ಬೇರೆ ಥರ ಕೇಳತ್ತೆ, ಅವನು ಹುಡುಗಿಗಿಂತ ಹೆಚ್ಚಾಗಿ ತನಗೇ ಹೇಳ್ಕೊಳ್ತಿದಾನೆ.

ನನ್ನನ್ನ ಅಲ್ಲಾಡಿಸಿದ್ದು ಬಾರ್ ಸೀನು. ಡ್ಯಾನಿಯ ನೆರೆಮನೆಯ ಇನ್ನೊಬ್ಬ ಅಜ್ಜ, ಅವನೂ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದೋನು. ಇಬ್ರೂ ಬಾರಲ್ಲಿ ಕೂರ್ತಾರೆ, ಆಲ್ವಿನ್ ಕುಡಿಯೋದು ಹಾಲು, ಯಾಕಂದ್ರೆ ಯುದ್ಧದಿಂದ ಬಂದ್ಮೇಲೆ ಕುಡಿತಕ್ಕೆ ಬಿದ್ದು ಕಷ್ಟಪಟ್ಟು ಬಿಟ್ಟಿದಾನೆ. ಆ ಅಜ್ಜ ತನ್ನ ಯುದ್ಧದ ನೆನಪು ಹೇಳ್ತಾನೆ. ಆಮೇಲೆ ಆಲ್ವಿನ್ ಹೇಳ್ತಾನೆ, ತಾನು ಸ್ನೈಪರ್ ಆಗಿದ್ದೆ, ದೂರದಲ್ಲಿ ಏನೋ ಅಲ್ಲಾಡ್ತು ಅಂತ ಗುಂಡು ಹಾರಿಸಿದೆ, ಸತ್ತಿದ್ದು ಮುಂದೆ ಹೋಗಿ ಶತ್ರುಗಳ ಸುಳಿವು ನೋಡ್ಕೊಂಡು ಬರೋ ನಮ್ಮದೇ ಕಡೆಯ ಸ್ಕೌಟ್ ಹುಡುಗ, ಎಲ್ರೂ ಅದು ಜರ್ಮನ್ನರು ಹೊಡೆದ ಗುಂಡು ಅನ್ಕೊಂಡ್ರು, ಇಷ್ಟು ವರ್ಷ ನನ್ನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ ಅಂತ. ಕ್ಯಾಮೆರಾ ಎಲ್ಲಿಗೂ ಹೋಗಲ್ಲ, ಅವರಿಬ್ಬರ ಮುಖದ ಮೇಲೇ ಇರತ್ತೆ. ಹಿಂದೆ ಬಾರಿನ ಗದ್ದಲದ ಬದಲು ಯುದ್ಧದ ಸದ್ದು ಸಣ್ಣಗೆ ಕೇಳತ್ತೆ. ಅರ್ಧ ಶತಮಾನ ಒಳಗೇ ಇಟ್ಕೊಂಡಿದ್ದ ಮಾತು ಇದು. ಅಣ್ಣನಿಗೂ ಹೇಳಿರ್ಲಿಲ್ಲ. ಹೊತ್ಕೊಂಡಿರೋದು ಇಂಥದ್ದಾದ್ರೆ ಮನುಷ್ಯ ಮನೆಯೋರ ಜೊತೆ ಹೇಗಿರ್ತಾನೆ, ಕುಡಿದಾಗ ಏನೇನು ಮಾತಾಡ್ತಾನೆ ಅಂತ ಯೋಚ್ನೆ ಮಾಡಿದ್ರೆ ಜಗಳಕ್ಕೆ ಕಾರಣ ಕೇಳೋದೇ ಬೇಡ ಅನ್ಸತ್ತೆ.

ಕಾರಣದ ಬಗ್ಗೆ ಸಿನಿಮಾ ಹೇಳೋದು ಕೊನೆ ಹತ್ರ ಒಂದೇ ಸಲ. ಮಿಸಿಸಿಪಿ ನದಿ ದಾಟಿ ಆದ್ಮೇಲೆ ಒಂದು ಹಳೇ ಸ್ಮಶಾನದಲ್ಲಿ ರಾತ್ರಿ ಕಳೀತಾನೆ, ಅಲ್ಲಿನ ಪಾದ್ರಿ ಊಟ ತಂದು ಮಾತಿಗೆ ಕೂರ್ತಾರೆ. ಪಾದ್ರಿಗೆ ಲೈಲ್ ಗೊತ್ತು, ಆಸ್ಪತ್ರೇಲಿ ನೋಡಿದಾರೆ, ಆದ್ರೆ ತಮ್ಮ ಇದಾನೆ ಅಂತ ಅವನು ಹೇಳ್ಲೇ ಇಲ್ವಲ್ಲ ಅಂತಾರೆ. ಅದಕ್ಕೆ ಆಲ್ವಿನ್, ಇಬ್ರಿಗೂ ಬಹಳ ಕಾಲದಿಂದ ಒಬ್ಬರಿಗೊಬ್ಬರು ಇಲ್ಲವೇ ಇಲ್ಲ ಅನ್ನೋ ಥರ ಉತ್ತರ ಕೊಡ್ತಾನೆ. ಆಮೇಲೆ ಜಗಳದ ಬಗ್ಗೆ ಹೇಳ್ತಾನೆ, ಬೈಬಲ್‌ನಷ್ಟು ಹಳೇ ಕಥೆ, ಅದರಲ್ಲಿ ಅಣ್ಣನೇ ತಮ್ಮನ್ನ ಕೊಲ್ಲೋ ಕೇನ್ ಮತ್ತು ಆಬೆಲ್, ಸಿಟ್ಟು, ಅಹಂಕಾರ, ಅದಕ್ಕೆ ಸ್ವಲ್ಪ ಹೆಂಡ ಸೇರಿಸಿದ್ರೆ ಹತ್ತು ವರ್ಷ ಮಾತಾಡದ ಅಣ್ಣ ತಮ್ಮ ತಯಾರು ಅಂತ. ಅಷ್ಟೇ. ಯಾರು ಏನಂದ್ರು ಅಂತ ಇಲ್ಲ. ಅದೇನಿದ್ರೂ ಈಗ ಅದು ಲೆಕ್ಕಕ್ಕಿಲ್ಲ, ಅವನ ಪಕ್ಕ ಕೂತು ಚಿಕ್ಕಂದಿನಲ್ಲಿ ನೋಡ್ತಿದ್ವಲ್ಲ ಹಾಗೆ ನಕ್ಷತ್ರ ನೋಡ್ಬೇಕು ಅಂತಾನೆ.

ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲ್ಲೆಮರ್ ಅನ್ನೋ ಸಮಾಜಶಾಸ್ತ್ರಜ್ಞರು ಕುಟುಂಬದಲ್ಲಿ ಸಂಬಂಧ ಕಡ್ಕೊಂಡಿರೋರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ 2020ರಲ್ಲಿ ಪುಸ್ತಕ ತಂದ್ರು. ಅವರ ಸರ್ವೆ ಪ್ರಕಾರ ಅಮೆರಿಕದ ವಯಸ್ಕರಲ್ಲಿ 27 ಪರ್ಸೆಂಟ್ ಜನ ಮನೆಯೋರು ಯಾರಾದ್ರೊಬ್ಬರ ಜೊತೆ ಸಂಪರ್ಕ ಬಿಟ್ಟಿದಾರೆ, ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು. ಆ ಅಂಕಿಗಿಂತ ನನಗೆ ಮುಖ್ಯ ಅನ್ಸಿದ್ದು, ಮತ್ತೆ ಒಂದಾದೋರನ್ನ ಅವರು ಮಾತಾಡಿಸಿದಾಗ ಕಂಡ ಒಂದು ವಿಷ್ಯ. ಹಿಂದೆ ನಡೆದಿದ್ದನ್ನ ನಾನು ಕಂಡ ಹಾಗೇ ನೀನೂ ಒಪ್ಕೋಬೇಕು, ತಪ್ಪಾಯ್ತು ಅನ್ಬೇಕು ಅನ್ನೋ ಬೇಡಿಕೇನ ಅವರಲ್ಲಿ ಎಷ್ಟೋ ಜನ ಕೈಬಿಟ್ಟಿದ್ರು. ಆಲ್ವಿನ್ ಬಿಡೋದೂ ಅದೊಂದನ್ನೇ. ಯಾರದ್ದು ತಪ್ಪು ಅನ್ನೋ ಕೇಸು ಬಿಡ್ತಾನೆ, ಹಠ ಇಟ್ಕೋತಾನೆ. ನಾವು ಸಾಮಾನ್ಯವಾಗಿ ಉಲ್ಟಾ ಹೇಳ್ತೀವಿ, ಹಠ ಬಿಟ್ಟು ಕೂತು ಮಾತಾಡಿ ಬಗೆಹರಿಸ್ಕೊಳ್ಳಿ ಅಂತ, ಕೂತು ಮಾತಾಡಿದ್ರೆ ಕೇಸು ಮತ್ತೆ ಓಪನ್ ಆಗತ್ತೆ.

ನಮ್ಮನೇಲೂ ಇದನ್ನ ನೋಡಿದೀನಿ. ಅಪ್ಪ ಮತ್ತು ಚಿಕ್ಕಪ್ಪ ವರ್ಷಗಟ್ಟಲೆ ಮಾತಾಡ್ತಿರ್ಲಿಲ್ಲ. ಮಧ್ಯಸ್ತಿಕೆಗೆ ಬಂದೋರೆಲ್ಲ ಅಪ್ಪಂಗೆ ಹೇಳಿದ್ದು ಅದೇ ಮಾತು, ಕೇಳ್ದಷ್ಟೂ ಅಪ್ಪ ಇನ್ನೂ ಬಿಗಿಯಾಗ್ತಿದ್ರು. ಒಂದ್ಸಲ ಚಿಕ್ಕಪ್ಪಂಗೆ ಏನೋ ದಾಖಲೆ ಕೆಲಸಕ್ಕೆ ತಾತನ ಕಾಲದ ಒಂದು ಹಳೇ ಕಾಗದ ಬೇಕಾಗಿತ್ತು, ಅದು ನಮ್ಮನೇಲಿ ಇರ್ಬಹುದು ಅಂತ ಚಿಕ್ಕಮ್ಮ ಅಮ್ಮಂಗೆ ಫೋನ್ ಮಾಡಿ ಕೇಳಿದ್ರು. ಅಪ್ಪ ಅದನ್ನ ಹುಡುಕೋಕೆ ಶುರು ಮಾಡಿದ್ರು ನೋಡಿ, ಟ್ರಂಕು, ಬೀರು, ಅಟ್ಟ, ಒಂದೂ ಬಿಡ್ಲಿಲ್ಲ, ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ, ಕೊನೆಗೆ ಯಾವುದೋ ಫೈಲಿನ ಒಳಗೆ ನಾಲ್ಕು ಮಡಿಕೆ ಆಗಿ ಸಿಕ್ತು. ಮಡಿಕೆ ಇರೋ ಕಡೆ ಹರಿದಿತ್ತು, ಅದನ್ನ ಬಿಡಿಸಿ, ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು, ಅಂಚಿಗೆಲ್ಲ ಟೇಪ್ ಹಾಕಿದ್ರು. ಕೊರಿಯರ್ ಮಾಡ್ತೀನಿ ಅಂದೆ, ಬೇಡ, ಕಳೆದ್ಹೋದ್ರೆ, ಕೈಗೇ ಕೊಡ್ಬೇಕು ಅಂದ್ರು. ನಾನು ಹೋಗಿ ಕೊಟ್ಟು ಬರ್ತೀನಿ ಅಂದೆ, ಅದೂ ಬೇಡ. ತಾವೇ ಹೋದ್ರು. ಅಲ್ಲಿ ಇಬ್ರೂ ಕೂತು ಮಾತಾಡಿದ್ದು ಆ ಕಾಗದದಲ್ಲಿರೋ ಸರ್ವೆ ನಂಬರು, ಸಹಿ, ಮೊಹರಿನ ಬಗ್ಗೆ ಮಾತ್ರ. ಆಮೇಲೂ ಹಾಗೇ, ಒಬ್ಬರಿಗೊಬ್ಬರು ಫೋನ್ ಮಾಡ್ತಾರೆ, ಬಿಪಿ ಮಾತ್ರೆ ಬಗ್ಗೆ ಮಾತಾಡ್ತಾರೆ, ಆ ಜಗಳದ ಸುದ್ದಿ ಇವತ್ತಿನವರೆಗೂ ಎತ್ತಿಲ್ಲ. ಮೊದಮೊದ್ಲು ನನಗೆ ಅದು ಅರ್ಧಂಬರ್ಧ ರಾಜಿ ಅನ್ಸ್ತಿತ್ತು, ಒಳಗೆ ಏನೋ ಉಳ್ಕೊಂಡಿದೆ, ಯಾವತ್ತಾದ್ರೂ ಹೊರಗೆ ಬರತ್ತೆ ಅಂತ. ಈ ಸಿನಿಮಾ ನೋಡಿದ್ಮೇಲೆ ಹಾಗನ್ಸೋದು ನಿಂತೋಯ್ತು.

ಹಾಗಂತ ಎಲ್ಲ ಮುರಿದ ಸಂಬಂಧಾನೂ ಯಾರೋ ಒಬ್ರು ಹೊರಟು ಬಂದ್ರೆ ಸರಿಹೋಗತ್ತೆ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಇನ್ನೊಂದು ಸಿನಿಮಾ ಇದರ ಪಕ್ಕ ಇಟ್ಟು ನೋಡ್ಬೇಕು. ಆಲ್ವಿನ್‌ನ ಅಣ್ಣ ಲೈಲ್ ಆಗಿ ಕೊನೇ ಸೀನಲ್ಲಿ ಬರೋ ನಟ ಹ್ಯಾರಿ ಡೀನ್ ಸ್ಟಾಂಟನ್, 1984ರಲ್ಲಿ ವಿಮ್ ವೆಂಡರ್ಸ್ ಮಾಡಿದ, ಆ ವರ್ಷ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಪಾಮ್ ಡೋರ್ ಗೆದ್ದ 'ಪ್ಯಾರಿಸ್, ಟೆಕ್ಸಸ್' ಸಿನಿಮಾದ ಹೀರೋ. ಅಲ್ಲೂ ಅಣ್ಣ ತಮ್ಮ, ಅಲ್ಲೂ ಹಠ. ನಾಲ್ಕು ವರ್ಷ ಕಾಣೆಯಾಗಿದ್ದ ಟ್ರಾವಿಸ್ ಮರುಭೂಮೀಲಿ ನಡ್ಕೊಂಡು ಹೋಗ್ತಾ ಸಿಗ್ತಾನೆ, ಸಹೋದರ ವಾಲ್ಟ್ ಬಂದು ಕರ್ಕೊಂಡು ಹೋಗ್ತಾನೆ, ಎಷ್ಟೋ ಹೊತ್ತು ಬಾಯೇ ಬಿಡಲ್ಲ, ವಿಮಾನ ಹತ್ತಲ್ಲ ಅಂತ ಇಳಿದುಬಿಡ್ತಾನೆ, ಅಷ್ಟು ದೂರಾನೂ ಕಾರಲ್ಲೇ ಹೋಗ್ಬೇಕಾಗತ್ತೆ. ಅವನ ಮಗ ಹಂಟರ್‌ನ ವಾಲ್ಟ್ ದಂಪತಿಗಳೇ ಸಾಕಿದಾರೆ. ಸ್ಕೂಲ್ ಬಿಟ್ಟ ಮೇಲೆ ಅಪ್ಪ ರಸ್ತೆಯ ಈ ಕಡೆ, ಮಗ ಆ ಕಡೆ, ಒಬ್ಬರನ್ನೊಬ್ಬರು ನೋಡ್ಕೊಂಡು, ಅಪ್ಪನ ನಡಿಗೇನ ಮಗ ಅನುಕರಣೆ ಮಾಡ್ಕೊಂಡು ಮನೆಗೆ ಹೋಗೋ ಸೀನ್ ನೋಡಿ, ಅಪ್ಪ ಮಕ್ಕಳ ಬಗ್ಗೆ ಅಷ್ಟು ಚೆನ್ನಾಗಿರೋದು ಕಡಿಮೆ.

ಆದ್ರೆ ಟ್ರಾವಿಸ್ ಮಾಡಿದ್ದು ಕುಡಿದು ಬೈದಿದ್ದಷ್ಟೇ ಅಲ್ಲ. ಹೆಂಡತಿ ಜೇನ್ ಮೇಲೆ ಅನುಮಾನ, ಅವಳು ಓಡಿಹೋಗಬಾರದು ಅಂತ ಕಾಲಿಗೆ ಗಂಟೆ ಕಟ್ಟಿದ್ದು, ಒಲೆಗೆ ಕಟ್ಟಿ ಹಾಕಿದ್ದು. ಹ್ಯೂಸ್ಟನ್‌ನಲ್ಲಿ ಅವಳನ್ನ ಹುಡುಕಿ ಹೋದಾಗ ಮಧ್ಯೆ ಒಂದು ಗಾಜು, ಅವನಿಗೆ ಅವಳು ಕಾಣ್ತಾಳೆ, ಅವಳಿಗೆ ಅವನು ಕಾಣಲ್ಲ, ಮಾತು ಫೋನಲ್ಲಿ. ಅವನು ಕುರ್ಚಿ ತಿರುಗಿಸಿ ಅವಳಿಗೆ ಬೆನ್ನು ಹಾಕಿ ಕೂತು, ಯಾರದೋ ಕಥೆ ಅನ್ನೋ ಹಾಗೆ ತಮ್ಮಿಬ್ಬರ ಕಥೆ ಹೇಳ್ತಾನೆ. ಕೇಳ್ತಾ ಕೇಳ್ತಾ ಜೇನ್‌ಗೆ ಯಾರು ಅಂತ ಗೊತ್ತಾಗೋದನ್ನ, ಆ ಪಾತ್ರ ಮಾಡಿರೋ ನಸ್ತಾಸ್ಯಾ ಕಿನ್‌ಸ್ಕಿ ಮುಖದಲ್ಲಿ ನೋಡೋಕಾಗಲ್ಲ, ಅಷ್ಟು ಕಷ್ಟ. ಕೊನೆಗೆ ಮಗನ್ನ ತಾಯಿ ಹತ್ರ ಸೇರಿಸಿ ಅವನು ಹೊರಟು ಹೋಗ್ತಾನೆ. ಇಲ್ಲಿ ಬಂದು ಪಕ್ಕದಲ್ಲಿ ಕೂರೋ ಹಕ್ಕು ಅವನಿಗಿಲ್ಲ, ಅದನ್ನ ಅವನು ಅರ್ಥ ಮಾಡ್ಕೊಂಡಿದಾನೆ. ಆಲ್ವಿನ್ ಲೈಲ್ ಮಧ್ಯೆ ಇದ್ದಿದ್ದು ಸರಿಸಮ ಇದ್ದೋರ ಜಗಳ, ಇಬ್ರೂ ಬೈದಿದಾರೆ, ಇಬ್ರಿಗೂ ನೋವಾಗಿದೆ, ಅಂಥ ಕಡೆ ಕೇಸು ಬಿಡೋದು ದೊಡ್ಡತನ. ಒಬ್ಬರು ಇನ್ನೊಬ್ಬರನ್ನ ಹಿಂಸೆ ಮಾಡಿರೋ ಕಡೆ, ಹಿಂಸೆ ಅನುಭವಿಸಿದೋರಿಗೆ ಹೋಗಿ ಕೇಸು ಬಿಡಿ ಅನ್ನೋದು ಅನ್ಯಾಯ. ಕುಟುಂಬ ಒಂದಾಗ್ಬೇಕು ಅಂತ ಒತ್ತಾಯ ಮಾಡೋರು ಈ ವ್ಯತ್ಯಾಸ ನೋಡಲ್ಲ ಅನ್ನೋದೇ ನನಗೆ ಬೇಜಾರು.

ಮತ್ತೆ ಆ ಕೊನೇ ಸೀನಿಗೆ. ಲೈಲ್ ಮನೆ ಕಾಡಿನ ಮಧ್ಯೆ, ಹಳೇ ಮರದ ಮನೆ, ಶಿಥಿಲ ಆಗಿದೆ. ಆಲ್ವಿನ್ ಮೋವರ್ ಇಳಿದು ಎರಡು ಕೋಲು ಊರಿ ಹತ್ರ ಹೋಗಿ ಹೆಸರು ಹಿಡಿದು ಕೂಗ್ತಾನೆ. ಉತ್ತರ ಇಲ್ಲ. ಆ ಕೆಲವು ಸೆಕೆಂಡು ಬಹಳ ಉದ್ದ, ತಡವಾಯ್ತೇನೋ ಅಂತ ಅವನ ಮುಖ ಹೇಳತ್ತೆ. ಆಮೇಲೆ ಒಳಗಿಂದ ಧ್ವನಿ ಬರತ್ತೆ, ಆಲ್ವಿನ್? ಬಾಗಿಲು ತೆರೆಯತ್ತೆ, ಲೈಲ್ ಹೊರಗೆ ಬರ್ತಾನೆ, ಕೈಲಿ ವಾಕರ್. ಅದೇ ವಾಕರ್, ಆಲ್ವಿನ್ ಸತ್ರೂ ಹಿಡಿಯಲ್ಲ ಅಂದಿದ್ದು. ಸಿನಿಮಾ ಅದನ್ನ ಎತ್ತಿ ತೋರ್ಸಲ್ಲ, ಕ್ಲೋಸಪ್ ಇಲ್ಲ, ನಾವು ನೋಡಿದ್ರೆ ನೋಡಿದ್ವಿ. ಹಠದಲ್ಲಿ ಒಬ್ಬರಿಗಿಂತ ಒಬ್ರು ಮೇಲು ಅಂತಿದ್ದ ಮನೆಯ ಅಣ್ಣ ಹಾಗೆ ನಿಂತಿರೋದನ್ನ ತಮ್ಮ ನೋಡ್ತಾನೆ, ತಮ್ಮ ಕೋಲಿನ ಮೇಲೆ ನಿಂತಿರೋದನ್ನ ಅಣ್ಣ ನೋಡ್ತಾನೆ. ಕೂತ್ಕೋ ಅಂತಾನೆ ಅಣ್ಣ. ಕೂರ್ತಾರೆ. ಲೈಲ್ ಕಣ್ಣು ಅಂಗಳದ ಮೋವರ್ ಕಡೆ ಹೋಗತ್ತೆ, ಮತ್ತೆ ತಮ್ಮನ ಕಡೆ ಬರತ್ತೆ. ನನ್ನ ನೋಡೋಕೆ ಇಷ್ಟು ದೂರ ಅದರಲ್ಲಿ ಬಂದ್ಯಾ ಅಂತ ಕೇಳ್ತಾನೆ. ಹೂಂ, ಬಂದೆ ಲೈಲ್. ಇಷ್ಟೇ. ಸ್ಟಾಂಟನ್ ಮುಖದಲ್ಲಿ ತುಟಿ ಅದುರೋದು, ಕಣ್ಣು ತುಂಬೋದು, ಅದನ್ನ ತಡ್ಕೊಳ್ಳೋ ಪ್ರಯತ್ನ, ಇದಕ್ಕಿಂತ ಹೆಚ್ಚು ಮಾತು ಆ ಇಬ್ರೂ ಆಡೋ ಜಾತಿಯೋರಲ್ಲ.

ಆಲ್ವಿನ್ ಪಾತ್ರ ಮಾಡಿದ ರಿಚರ್ಡ್ ಫಾರ್ನ್ಸ್‌ವರ್ತ್ ಬಗ್ಗೆ ಹೇಳ್ದೆ ಇರೋಕಾಗಲ್ಲ. ನಿಜವಾದ ಆಲ್ವಿನ್ ಹುಟ್ಟಿದ 1920ರಲ್ಲೇ ಹುಟ್ಟಿದೋರು, ಹಾಲಿವುಡ್ಡಲ್ಲಿ ದಶಕಗಟ್ಟಲೆ ಸ್ಟಂಟ್ ಕೆಲಸ ಮಾಡ್ಕೊಂಡಿದ್ದೋರು. ಈ ಸಿನಿಮಾ ಶೂಟಿಂಗ್ ಟೈಮಲ್ಲಿ ಅವರಿಗೆ ಕ್ಯಾನ್ಸರ್ ಮೂಳೆಗೆ ಹರಡಿತ್ತು, ಆ ನಡಿಗೆ, ಕೂರುವಾಗ ಏಳುವಾಗ ಮುಖದಲ್ಲಿ ಬರೋ ಆ ಗೆರೆ, ಎಲ್ಲ ನಟನೆ ಅಲ್ಲ. 79ನೇ ವಯಸ್ಸಲ್ಲಿ ಅತ್ಯುತ್ತಮ ನಟ ವಿಭಾಗದಲ್ಲಿ ಆಸ್ಕರ್ ನಾಮಿನೇಷನ್ ಬಂತು, 2000ದ ಅಕ್ಟೋಬರ್‌ನಲ್ಲಿ ತೀರ್ಕೊಂಡ್ರು. ಕ್ಯಾಮೆರಾ ಹಿಡಿದ ಫ್ರೆಡಿ ಫ್ರಾನ್ಸಿಸ್‌ಗೂ ಆಗ ಎಂಬತ್ತು ದಾಟಿತ್ತು. ದಾರೀಲಿ ಸಿಗೋ ಸೈಕಲ್ ಹುಡುಗ್ರು ಮುದುಕರಾಗಿರೋದ್ರಲ್ಲಿ ಅತಿ ಕೆಟ್ಟದ್ದು ಯಾವುದು ಅಂತ ಕೇಳಿದಾಗ, ಹರೆಯದಲ್ಲಿ ಹೇಗಿದ್ದೆ ಅನ್ನೋದು ನೆನಪಿರೋದು ಅಂತ ಆಲ್ವಿನ್ ಉತ್ತರ ಕೊಡ್ತಾನಲ್ಲ, ಅದನ್ನ ಫಾರ್ನ್ಸ್‌ವರ್ತ್ ಬಿಟ್ಟು ಬೇರೆ ಯಾರು ಹೇಳಿದ್ರೂ ಬರೀ ಡೈಲಾಗ್ ಆಗಿಬಿಡ್ತಿತ್ತು.

ಈ ಸಿನಿಮಾನ ಫೀಲ್ ಗುಡ್ ಅಂತ ಕರೆಯೋರು ಇದಾರೆ. ನಾನು ಒಪ್ಪಲ್ಲ, ಅದಕ್ಕೆ ಕಾರಣ ರೋಸ್. ಸಿಸಿ ಸ್ಪೇಸೆಕ್ ಮಾಡಿರೋ ಪಾತ್ರ, ತಡೆತಡೆದು ಮಾತಾಡ್ತಾಳೆ, ಹಕ್ಕಿಗಳಿಗೆ ಮರದ ಗೂಡು ಮಾಡ್ತಾಳೆ. ಅವಳ ಕಥೆ ನಮಗೆ ಗೊತ್ತಾಗೋದು ಅಪ್ಪ ಆ ಬಸುರಿ ಹುಡುಗಿಗೆ ಹೇಳಿದಾಗ. ಅವಳಿಗೆ ನಾಲ್ಕು ಮಕ್ಕಳು, ಒಂದು ರಾತ್ರಿ ಬೇರೆ ಯಾರೋ ಮಕ್ಕಳನ್ನ ನೋಡ್ಕೋಬೇಕಾಗಿತ್ತು, ಬೆಂಕಿ ಬಿತ್ತು, ಒಬ್ಬ ಮಗನಿಗೆ ಜೋರು ಸುಟ್ಟಗಾಯ ಆಯ್ತು. ಅವಳ ತಪ್ಪಿರ್ಲಿಲ್ಲ, ಆದ್ರೆ ಅವಳು ಮಾತಾಡೋ ರೀತಿ, ಇರೋ ರೀತಿ ನೋಡಿ ಸರ್ಕಾರ ಇವಳಿಗೆ ಮಕ್ಕಳನ್ನ ಸಾಕೋ ಸಾಮರ್ಥ್ಯ ಇಲ್ಲ ಅಂತ ತೀರ್ಮಾನ ಮಾಡಿ ನಾಲ್ವರನ್ನೂ ಕರ್ಕೊಂಡು ಹೋಯ್ತು. ಅದಕ್ಕೆ ಮುಂಚೆ ಅವಳು ರಾತ್ರಿ ಕಿಟಕೀಲಿ ನಿಂತು, ಉರುಳಿ ಬಂದ ಚೆಂಡನ್ನ ಎತ್ಕೊಳ್ಳೋಕೆ ಬರೋ ಒಬ್ಬ ಹುಡುಗನ್ನ ನೋಡೋ ಸೀನ್ ಬಂದು ಹೋಗಿರತ್ತೆ, ಆಗ ನಮಗೆ ಅರ್ಥ ಆಗಿರಲ್ಲ, ಎರಡನೇ ಸಲ ನೋಡಿದಾಗ ಅದನ್ನ ದಾಟೋಕೆ ಕಷ್ಟ ಆಗತ್ತೆ.

ಆಲ್ವಿನ್‌ಗೆ ಅಣ್ಣ ಎಲ್ಲಿದಾನೆ ಅಂತ ಗೊತ್ತಿತ್ತು, ಹೋಗೋಕೆ ರಸ್ತೆ ಇತ್ತು, ತಡೆಯೋ ಕಾನೂನು ಇರ್ಲಿಲ್ಲ, ಬೇಕಾಗಿದ್ದು ಅವನ ಹತ್ರ ಧಾರಾಳ ಇದ್ದ ಹಠ. ರೋಸ್‌ಗೆ ಅಪ್ಪನಷ್ಟೇ ಹಠ ಇದ್ರೂ ಅದನ್ನ ತಗೊಂಡು ಅವಳು ಎಲ್ಲಿಗೆ ಹೋಗ್ಬೇಕು? ಅವಳು ಯಾರ ಮೇಲೂ ಮುನಿಸ್ಕೊಂಡಿರ್ಲಿಲ್ಲ, ಯಾರ ಜೊತೇಲೂ ಮಾತು ಬಿಟ್ಟಿರ್ಲಿಲ್ಲ. ಕುಟುಂಬಗಳು ಮುರಿಯೋದು ಮನೆಯೊಳಗಿನ ಸಿಟ್ಟು ಅಹಂಕಾರದಿಂದ ಮಾತ್ರ ಅಲ್ಲ, ಹೊರಗಿನೋರು ಬಂದು ಮುರಿಯೋದೂ ಇದೆ, ಅಂಥದ್ದನ್ನ ಸರಿಮಾಡೋಕೆ ಮನೆಯೋರ ಒಳ್ಳೇತನ ಸಾಲಲ್ಲ. ಅಣ್ಣ ತಮ್ಮ ಸೇರಿದ ಖುಷೀಲಿ ಆ ಮಕ್ಕಳನ್ನೂ ಎಲ್ಲಿಂದಲೋ ತಂದು ಅಮ್ಮನ ಮಡಿಲಿಗೆ ಹಾಕಿ ಕಥೆ ಮುಗಿಸೋದು ಬಹಳ ಸುಲಭ ಇತ್ತು. ಸ್ವೀನಿ, ರೋಚ್, ಲಿಂಚ್ ಮೂವರೂ ಅದನ್ನ ಮಾಡ್ಲಿಲ್ಲ, ಅದಕ್ಕೆ ನನಗೆ ಅವರ ಮೇಲೆ ಬಹಳ ಗೌರವ. ಇನ್ನೂ ನೋಡಿಲ್ದೆ ಇರೋರು ಯಾರಾದ್ರೂ ನೋಡೋದಾದ್ರೆ, ಆಲ್ವಿನ್ ಹೊರಡೋಕೆ ಮುಂಚೆ ಬರೋ ಆ ಭಾಗನ ಅವಸರದಲ್ಲಿ ಓಡಿಸ್ಬೇಡಿ, ರೋಸ್ ಇರೋದು ಹೆಚ್ಚಾಗಿ ಅಲ್ಲೇ.